ಒಂದು ಬೆರಳು ಸಡಿಲ

ಮಾರ್ಚ್ ೩, ಸೋಮವಾರ

ಇವತ್ತಿನಿಂದ ನಾನು ಬರೆಯುತ್ತೇನೆ. ಕಾರಣ ತಂಗಿ. ಶನಿವಾರ ಬೂಟು ಮನೆಗೆ ಬಂದಾಗಿನಿಂದ ನಾನು ಬಾಯಿ ಮುಚ್ಚಿಲ್ಲವಂತೆ. "ಅಣ್ಣಾ, ನಿನ್ನ ಪುರಾಣ ಕೇಳಿ ಕೇಳಿ ಗೋಡೆಗೂ ಬಾಯಿಪಾಠ ಆಯ್ತು. ಉಳಿದಿದ್ದನ್ನ ಇದರಲ್ಲಿ ಬರೆದಿಡು, ಪುಣ್ಯ ಬರುತ್ತೆ" ಎಂದು ಈ ನೋಟುಬುಕ್ಕನ್ನು ನನ್ನ ಮುಂದೆ ಎಸೆದಳು. ಅವಳು ಬ್ರೆಡ್ ಕಾರ್ಖಾನೆಯಲ್ಲಿ ಕೆಲಸ ಮಾಡುವವಳು, ಮೊದಲ ಹಾಳೆಯ ಮೇಲೆ ಹಿಟ್ಟಿನ ಬೆರಳಚ್ಚಿದೆ. ಬೈದಳು ನಿಜ, ಆದರೆ ಬೈಯುವಾಗ ನಗುತ್ತಿದ್ದಳು. ಯಾಕೋ ಗೊತ್ತಾಗಲಿಲ್ಲ.

ನಾನು ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದವನು. ಅಕ್ಷರ ಮುತ್ತು. "ನಿನ್ನ ಅಕ್ಷರಕ್ಕೆ ಹೆಸರಿಡುವ ಹಾಗಿಲ್ಲ ಕಣೋ, ಅದರಲ್ಲಿ ಬರೆದಿರೋದು ಸುಳ್ಳು ಅಷ್ಟೇ" ಎನ್ನುತ್ತಿದ್ದರು ಮೇಷ್ಟ್ರು.

ವಿಷಯಕ್ಕೆ ಬರುತ್ತೇನೆ. ತಂಗಿಗೆ ಒಬ್ಬಳೇ ಮಗಳು, ಹದಿಮೂರು ವರ್ಷ. ಮೈಯೆಲ್ಲ ಕಾಲೇ, ಅದಕ್ಕೇ ನಾನಿಟ್ಟ ಹೆಸರು ಮಿಡತೆ. ಮಂಜುಗಡ್ಡೆಯ ಮೈದಾನದಲ್ಲಿ ಆಡುವ ಹಾಕಿ ಇದೆಯಲ್ಲ, ಐಸ್ ಹಾಕಿ, ಅದನ್ನು ಆಡುತ್ತಾಳೆ. ಎರಡು ವರ್ಷ ಮೈದಾನದವರು ಕೊಡುವ ಹಳೆಯ ಸ್ಕೇಟ್ಸ್ ತೊಟ್ಟೇ ಆಡಿದಳು. ಸಾವಿರ ಕಾಲು ತುಳಿದು ಅವು ಹಳೇ ದಿಂಬಿನ ಹಾಗೆ ಮೆತ್ತಗಾಗಿದ್ದವು. ಈಗ ಅವಳದೇ ಹೊಸ ಜೋಡಿ ಬಂದಿದೆ. ಕೆಳಗೆ ಅಲಗು, ಮೇಲೆ ಬೂಟು. ಬೂಟಂತೂ ಗಟ್ಟಿಯೆಂದರೆ ಗಟ್ಟಿ, ಬಾಗಿಲಿಗೆ ತಟ್ಟಿದರೆ ಪಕ್ಕದ ಮನೆಯವರು ಎದ್ದು ಬರಬೇಕು. ಲೇಸಿಗೆ ಮೇಣ ಹಚ್ಚಿದ್ದಾರೆ, ತಂತಿಯ ಹಾಗಿದೆ. ಲೇಸಿನ ಕೆಳಗೆ ಬರುವ ನಾಲಿಗೆ ಇದೆಯಲ್ಲ, ಅದೂ ಹಲಗೆಯೇ.

ಇಪ್ಪತ್ತೊಂಬತ್ತಕ್ಕೆ ತಂಡದ ಆಯ್ಕೆ. ಬೇಕಾದವರು ಹದಿನಾರು, ಬರುವವರು ನಲವತ್ತು. ತಂಗಿಗೆ ಬೆಳಗಿನ ಪಾಳಿ. ಹಾಗಾಗಿ ಮಿಡತೆಯನ್ನು ಅಭ್ಯಾಸಕ್ಕೆ ಕರೆದೊಯ್ಯುವುದು, ಬೂಟು ಕಟ್ಟುವುದು, ಬಿಚ್ಚುವುದು ನನ್ನ ಪಾಲಿಗೆ. ಲಾರಿ ಯಾರ್ಡ್ ಬಿಟ್ಟು ಎಂಟು ತಿಂಗಳಾಯಿತು. ನಾನೇ ಬಿಟ್ಟೆ. ಬೇಜಾರಾಯಿತು, ಬಿಟ್ಟೆ.

ಮೂವತ್ತನಾಲ್ಕು ವರ್ಷ ಲಾರಿಗೆ ಲೋಡ್ ಕಟ್ಟಿದ ಕೈ ಇದು. ದಿಮ್ಮಿ, ಗಾಜು, ಒಮ್ಮೆ ಪಿಯಾನೋ. ಒಮ್ಮೆ ರೇಸಿನ ಕುದುರೆ! ಎರಡು ದಿನದ ದಾರಿ, ಅದರ ಕಾಲುಗಳಿಗೆ ಪಟ್ಟಿ ಸುತ್ತಿದ್ದು ನಾನೇ. ಇಳಿಸುವಾಗ ಮಾಲೀಕ ಕೈ ಮುಗಿದ. ನನ್ನ ಬೆರಳ ತುದಿಗಳು ಹಗ್ಗ ಎಳೆದೆಳೆದು ತೊಗಲಾಗಿವೆ. ಉರಿಯುವ ಬೆಂಕಿಕಡ್ಡಿಯನ್ನು ಚಿವುಟಿ ಆರಿಸುತ್ತೇನೆ, ಏನೂ ಗೊತ್ತಾಗುವುದಿಲ್ಲ. ಮಿಡತೆ ಇವತ್ತು ಮೂರು ಸಲ ಮಾಡಿಸಿ ನೋಡಿದಳು.

"ಕಾಲು ಕೊಡು" ಎಂದು ಬೂಟು ತೊಡಿಸಿ ನನ್ನ ಗಂಟು ಹಾಕಿದೆ. ಎರಡು ಸುತ್ತು, ಒಂದು ಅಡಿಯಿಂದ, ತುದಿ ಎಡಕ್ಕೆ. ಲಾರಿ ಮಗುಚಿದರೂ ಬಿಚ್ಚದ ಗಂಟು.

"ಬಿಗಿ ಆಯ್ತಾ?"

"ಆಯ್ತು ಮಾಮ. ತುಂಬಾನೇ ಆಯ್ತು."

ಮೆಚ್ಚಿಕೊಂಡಳು.

ಮಾರ್ಚ್ ೫, ಬುಧವಾರ

ಐಸ್ ಮೈದಾನದ ಒಳಗೆ ಹೊರಗಿಗಿಂತ ಚಳಿ. ಗೋಡೆಗಂಟಿದ ಉದ್ದನೆಯ ಬೆಂಚಿನ ಮೇಲೆ ಅಪ್ಪಂದಿರು ಅಮ್ಮಂದಿರು ಕೂತು ಮಕ್ಕಳ ಲೇಸ್ ಎಳೆಯುತ್ತಾರೆ. ಅವರ ಕಟ್ಟು ನೋಡಿದರೆ ನಗು ಬರುತ್ತದೆ. ಪೊಟ್ಟಣಕ್ಕೆ ದಾರ ಸುತ್ತಿದ ಹಾಗೆ. ನಾನು ಮಿಡತೆಯ ಬೂಟನ್ನು ತೊಡೆಯ ಮೇಲಿಟ್ಟುಕೊಂಡು, ಮೊಣಕೈಯಿಂದ ಒತ್ತಿ, ಹೆಗಲು ಕೊಟ್ಟು ಎಳೆದೆ. ಪಕ್ಕದಲ್ಲಿದ್ದವರು ನೋಡುತ್ತ ಕೂತರು. ಕಲಿಯಲಿ ಎಂದು ನಿಧಾನವಾಗಿ ಮಾಡಿದೆ.

ಇಲ್ಲಿ ತರಬೇತಿ ಕೊಡುವ ಹೆಂಗಸಿನ ಹೆಸರು ಕೇಳಿಲ್ಲ. ಬಾಯಲ್ಲಿ ಸದಾ ಸೀಟಿ, ಅದಕ್ಕೇ ನಾನು ಸೀಟಿ ಮೇಡಂ ಅನ್ನುತ್ತೇನೆ. ಆಕೆ ಊದಿದರೆ ಮಕ್ಕಳು ಮಾತ್ರವಲ್ಲ, ನಾನೂ ಎದ್ದು ನಿಲ್ಲುತ್ತೇನೆ.

ಇನ್ನೊಬ್ಬನಿದ್ದಾನೆ, ಸಾಣೆಯವನು. ಬಾಗಿಲ ಪಕ್ಕದ ಗೂಡಿನಲ್ಲಿ ಕೂತು ಅಲಗುಗಳಿಗೆ ಸಾಣೆ ಹಿಡಿಯುತ್ತಾನೆ. ನನ್ನ ವಯಸ್ಸೇ. ಮೂಗಿನ ತುದಿಯಲ್ಲಿ ಕನ್ನಡಕ, ಕನ್ನಡಕದ ಮೇಲೆ ಗರ್ವ. ಮಿಡತೆ ಅವನ ಮುಂದೆ ಹೋದಾಗ ಬಗ್ಗಿ ನೋಡಿದ.

"ಇದು ಯಾರು ಕಟ್ಟಿದ್ದು?"

"ನಾನೇ" ಅಂದೆ, ಎದೆ ಮುಂದೆ ಮಾಡಿ.

"ಬಿಚ್ಚೋಕೆ ಏನು, ಕೊಡಲಿ ತಂದಿದೀರಾ?"

"ನನ್ನ ಗಂಟು ನಾನೇ ಬಿಚ್ಚೋದು. ಬೇರೆಯವರ ಕೈಗೆ ಬರಲ್ಲ."

"ಯಜಮಾನ್ರೇ, ಹೊಸ ಬೂಟು. ನನ್ನ ಹತ್ರ ಒಂದು ಓವನ್ ಇದೆ. ಬಿಸಿ ಮಾಡಿ, ಹುಡುಗಿ ಕಾಲಿಗೆ ಹಾಕಿ ಒಂದು ಗಳಿಗೆ ಕೂರಿಸಿದ್ರೆ ಬೂಟು ಕಾಲಿನ ಆಕಾರಕ್ಕೆ ಬರುತ್ತೆ. ಇಲ್ಲದಿದ್ರೆ ಕಚ್ಚುತ್ತೆ ನೋಡಿ."

ಬೂಟನ್ನು ಬ್ರೆಡ್ಡಿನ ಹಾಗೆ ಬೇಯಿಸುತ್ತಾನಂತೆ! "ನಮ್ಮನೇಲಿ ಬ್ರೆಡ್ ಬೇಯಿಸೋರು ಆಗಲೇ ಒಬ್ಬರಿದ್ದಾರೆ" ಎಂದು ಹೇಳಿ ಬಂದೆ. ಮನೆಗೆ ಬಂದು ತಂಗಿಗೆ ಹೇಳಿದರೆ ನಗಲಿಲ್ಲ. ಅವಳಿಗೆ ಹಾಸ್ಯ ಕಡಿಮೆ.

ಮಾರ್ಚ್ ೮, ಶನಿವಾರ

ಮಿಡತೆಯ ಎರಡೂ ಕಾಲಿನಲ್ಲಿ, ಪಾದ ಮಡಚುವ ಜಾಗಕ್ಕೆ ಸರಿಯಾಗಿ, ಮುಂಭಾಗದಲ್ಲಿ ಕೆಂಪು ಗೆರೆ ಬಿದ್ದಿದೆ. ಬಲಗಾಲಿನಲ್ಲಿ ಹೆಚ್ಚು. "ಏನೇ ಇದು?" ಅಂದರೆ "ಏನಿಲ್ಲ ಮಾಮ" ಎಂದು ಕಾಲ್ಚೀಲ ಎಳೆದುಕೊಂಡಳು.

ಹೊಸ ಬೂಟು, ಕಚ್ಚದೆ ಮುದ್ದಾಡುತ್ತದೆಯೇ? ನನಗೆ ಇದರ ಮೂಲ ಗೊತ್ತು. ಲೋಡ್ ಅಲ್ಲಾಡಿದರೆ ತಾನೇ ಉಜ್ಜುವುದು? ಅಲ್ಲಾಡದಂತೆ ಕಟ್ಟಿದರೆ ಉಜ್ಜುವ ಮಾತೇ ಇಲ್ಲ. ಆದ್ದರಿಂದ ಇವತ್ತು ಇನ್ನೊಂದು ಎಳೆತ ಹೆಚ್ಚು ಕೊಟ್ಟೆ. ಒಳಗೆ ದಪ್ಪನೆಯ ಉಣ್ಣೆಯ ಕಾಲ್ಚೀಲ ಎರಡು ಜೊತೆ ಹಾಕಿಸಿದೆ. ಕಾಲು ಒಳಗೆ ಹೋಗಲಿಲ್ಲ. ನೂಕಿದೆ, ಹೋಯಿತು.

ಆಯ್ಕೆಗೆ ಇನ್ನು ಇಪ್ಪತ್ತೊಂದು ದಿನ. ನನ್ನ ಕೈಯಲ್ಲಿ ಸಿಕ್ಕ ಮೇಲೆ ಅವಳಿಗೆ ಚಿಂತೆ ಏಕೆ?

ಮಾರ್ಚ್ ೧೧, ಮಂಗಳವಾರ

ಮನೆಯಲ್ಲೊಂದು ಕಳವು. ತಂಗಿಯ ಹತ್ತಿರ ಆರು ಫೋರ್ಕಿನ ಒಂದು ಸೆಟ್ ಇದೆ. ಬೆಳಿಗ್ಗೆಯಿಂದ ಐದೇ ಇವೆ. ಕಸದ ಡಬ್ಬ ತಲೆಕೆಳಗು ಮಾಡಿದಳು, ಸೋಫಾದ ಸಂದಿಯಲ್ಲಿ ಕೈ ಹಾಕಿದಳು, ಕೊನೆಗೆ ನನ್ನ ಮುಖ ನೋಡಿದಳು.

"ನನ್ನ ಮೇಲೆ ಯಾಕೆ ಅನುಮಾನ? ನಾನು ಫೋರ್ಕಲ್ಲಿ ತಿಂದಿದ್ದು ನೋಡಿದೀಯಾ ಯಾವತ್ತಾದ್ರೂ?"

"ತಿನ್ನೋಕೆ ಅಲ್ಲ. ನೀನು ಬೆನ್ನು ಕೆರ್ಕೊಳ್ಳೋಕೆ ತಗೊಂಡಿರ್ತೀಯ."

ಇಂಥ ಅಪವಾದ ಹೊತ್ತು ಬದುಕುತ್ತಿದ್ದೇನೆ.

ಮಿಡತೆಯ ಕಾಲಿನಲ್ಲಿ ಈಗ ಗೆರೆಯ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆಗಳೂ ಎದ್ದಿವೆ. ತುರಿಕೆಯಂತೆ. ಉಣ್ಣೆ ಚೀಲ ಬೆವರಿನಲ್ಲಿ ನೆನೆದು ಹಿಂಡಿದರೆ ನೀರು ಬರುವ ಹಾಗಿತ್ತು. ರಾತ್ರಿ ಒಣಗಲಿ ಎಂದು ಬೂಟಿನೊಳಗೇ ತುರುಕಿಟ್ಟಿದ್ದೆ, ಒಣಗಿರಲಿಲ್ಲ. ಎಣ್ಣೆ ಹಚ್ಚಿ ಅದನ್ನೇ ಹಾಕಿಸಿದೆ.

ಒಂದು ವಿಚಿತ್ರ. ಅಭ್ಯಾಸ ಮುಗಿದ ಮೇಲೆ ಗಂಟು ಬಿಚ್ಚಲು ಕೂತರೆ ತುದಿ ಬಲಕ್ಕಿತ್ತು. ನನ್ನ ಗಂಟಿನ ತುದಿ ಎಡಕ್ಕಿರುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಒಮ್ಮೆಯೂ ತಪ್ಪಿದ್ದಿಲ್ಲ. ಚಳಿಗೆ ಲೇಸ್ ತಿರುಚಿಕೊಂಡಿರಬೇಕು.

ಮಿಡತೆ ಇವತ್ತು ಚೆನ್ನಾಗಿ ಓಡಲಿಲ್ಲ. ತಿರುವಿನಲ್ಲಿ ಕಾಲು ಆಚೀಚೆ ವಾಲುತ್ತಿತ್ತು. ಸೀಟಿ ಮೇಡಂ, "ಮಂಡಿ ಬಗ್ಗಿಸು! ಕಾಲು ನೆಟ್ಟಗಿಡು!" ಎಂದು ಕೂಗುತ್ತಲೇ ಇದ್ದರು. ಕಟ್ಟಿದ್ದು ಸಾಲದಾಯಿತೇನೋ.

ಮಾರ್ಚ್ ೧೪, ಶುಕ್ರವಾರ

ಮನೆ ಮೂರನೆಯ ಮಹಡಿ. ಮಿಡತೆ ಮೆಟ್ಟಿಲನ್ನು ಹಿಂದುಮುಂದಾಗಿ ಇಳಿಯುವುದನ್ನು ತಂಗಿ ನೋಡಿಬಿಟ್ಟಳು. ಕೈಹಿಡಿದು ಒಳಗೆ ಎಳೆದುಕೊಂಡು ಹೋಗಿ ಕಾಲ್ಚೀಲ ಬಿಚ್ಚಿಸಿದಳು. ಬಲಗಾಲ ಮುಂಭಾಗ ಊದಿಕೊಂಡಿತ್ತು. ಪಾದ ಮೇಲೆತ್ತಿದರೆ ಹುಡುಗಿ ಉಸಿರು ಬಿಗಿಹಿಡಿಯುತ್ತಾಳೆ.

"ಅಣ್ಣ, ನಿನ್ನ ಗಂಟು ಬಿಗಿ ಆಗ್ತಿದೆಯೇನೋ?"

"ನನ್ನ ಗಂಟಾ? ಲೋಕದಲ್ಲಿ ಏನಾದ್ರೂ ಕೆಟ್ಟರೆ ನನ್ನ ಗಂಟೇ ಕಾರಣ! ಫೋರ್ಕ್ ಕಳೆದಿದ್ದೂ ನನ್ನ ಗಂಟಿಂದಾನಾ?"

"ನಾನು ಕೇಳಿದೆ ಅಷ್ಟೇ."

"ಕೇಳೋ ಧಾಟಿ ನೋಡು ಇವಳದು."

ಮಿಡತೆ ನಡುವೆ ಬಾಯಿ ಹಾಕಿದಳು. "ಇಲ್ಲಮ್ಮ, ಮಾಮನ ಗಂಟು ಚೆನ್ನಾಗೇ ಇರುತ್ತೆ. ಬೂಟು ಹೊಸದಲ್ವಾ."

ನೋಡಿದೆಯಾ ಎನ್ನುವಂತೆ ತಂಗಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ. ಮಗಳನ್ನು ನೋಡುತ್ತಿದ್ದಳು.

ಮಾರ್ಚ್ ೧೫, ಶನಿವಾರ

ಬರೆಯುವಂಥದ್ದು ಏನೂ ಇಲ್ಲ. ತುದಿ ಇವತ್ತೂ ಬಲಕ್ಕಿತ್ತು.

ಮಾರ್ಚ್ ೧೮, ಮಂಗಳವಾರ

ಮಿಡತೆ ಇವತ್ತು ಐಸಿನ ನಡುವೆಯೇ ನಿಂತುಬಿಟ್ಟಳು. ಬೀಳಲಿಲ್ಲ, ಅಳಲಿಲ್ಲ. ಕೋಲು ಊರಿಕೊಂಡು ಒಂಟಿ ಕಾಲಿನ ಕೊಕ್ಕರೆಯ ಹಾಗೆ ನಿಂತಳು. ಸೀಟಿ ಮೇಡಂ ಅವಳನ್ನು ಹಿಡಿದು ಹೊರಗೆ ತಂದರು. ಮೈದಾನದಲ್ಲಿ ಪೆಟ್ಟು ನೋಡುವ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ ಇದ್ದಾಳೆ. ಅವಳ ಕೋಣೆಗೆ ಕರೆದೊಯ್ದೆವು.

ಡಾಕ್ಟರಮ್ಮ ಬೆರಳಿಂದ ಮೆಲ್ಲಗೆ ಒತ್ತಿ, "ಇದಕ್ಕೆ ಲೇಸ್ ಬೈಟ್ ಅಂತೀವಿ. ಗಟ್ಟಿ ನಾಲಿಗೆ, ಮೇಲಿಂದ ಬಿಗಿ ಲೇಸು, ಎರಡೂ ಸೇರಿ ಒಂದೇ ಕಡೆ ಒತ್ತಿವೆ. ಪಾದ ಎತ್ತೋ ಹುರಿ ಇಲ್ಲೇ ಚರ್ಮದ ಕೆಳಗೇ ಇರೋದು. ಅದು ಉಜ್ಜಿ ಉಜ್ಜಿ ಊದಿದೆ. ಮೇಲಿನ ಗುಳ್ಳೆ ಬೆವರು, ಒದ್ದೆ ಚೀಲದಿಂದ" ಅಂದಳು. ಐದು ದಿನ ಐಸಿಗೆ ಇಳಿಯಬಾರದು. ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಇಡಬೇಕು. ಸೋಪಿನಲ್ಲಿ ತೊಳೆದು ಒಣಗಿಸಬೇಕು, ಎಣ್ಣೆ ಗಿಣ್ಣೆ ಏನೂ ಬೇಡ.

ಸೀಟಿ ಮೇಡಂ ಕೇಳಿದರು: "ಯಾರು ಕಟ್ಟೋದು ನಿನಗೆ ಲೇಸು?"

ಕೋಣೆಯಲ್ಲಿ ನಾವು ನಾಲ್ಕೇ ಜನ.

"ನಾನೇ ಕಟ್ಕೊಳ್ಳೋದು ಮೇಡಂ" ಅಂದಳು ಮಿಡತೆ.

"ಇಷ್ಟು ಬಿಗಿಯಾಗಾ? ಬುದ್ಧಿ ಬೇಡ್ವಾ? ಆಯ್ಕೆಗೆ ಹನ್ನೊಂದು ದಿನ ಇದೆ, ಅದರಲ್ಲಿ ಐದು ಹೋಯ್ತು!"

ಬೈಸಿಕೊಂಡಳು. ತಲೆ ತಗ್ಗಿಸಿ ಪೂರ್ತಿ ಬೈಸಿಕೊಂಡಳು.

ಗೋಡೆಯ ಮೇಲೆ ಒಂದು ಚಿತ್ರವಿತ್ತು. ಚರ್ಮ ತೆಗೆದರೆ ಪಾದ ಹೇಗಿರುತ್ತದೆ ಎಂದು ತೋರಿಸುವ ಚಿತ್ರ. ಒಳಗೆಲ್ಲ ಬರೀ ಹಗ್ಗ. ಸಣ್ಣವು, ದಪ್ಪವು, ಒಂದರ ಪಕ್ಕ ಒಂದು, ಕೀಲಿನ ಹತ್ತಿರ ಅವನ್ನೆಲ್ಲ ಹಿಡಿದಿಡುವ ಒಂದು ಅಡ್ಡ ಪಟ್ಟಿ. ಅಚ್ಚುಕಟ್ಟಾದ ಕೆಲಸ. ಅದನ್ನೇ ನೋಡುತ್ತ ನಿಂತಿದ್ದೆ.

ಮಾರ್ಚ್ ೧೯, ಬುಧವಾರ

ಒದ್ದೆ ಕಾಲ್ಚೀಲ ತೊಳೆಯೋಣವೆಂದು ಮಿಡತೆಯ ಬ್ಯಾಗ್ ಬಿಚ್ಚಿದೆ. ತಳದಲ್ಲಿ ಟವೆಲಿನಲ್ಲಿ ಸುತ್ತಿದ ಫೋರ್ಕ್ ಸಿಕ್ಕಿತು. ಒಂದು ಹಲ್ಲು ಸೊಟ್ಟಗಾಗಿದೆ. ಹಲ್ಲಿನ ಸಂದಿಯಲ್ಲಿ ಲೇಸಿನ ಮೇಣ.

ನಾನು ಬಿಗಿದು ಕಳಿಸುತ್ತಿದ್ದೆ. ಅವಳು ಐಸಿಗೆ ಇಳಿಯುವ ಮುಂಚೆ ಬಾತ್‌ರೂಮಿನಲ್ಲಿ ಕೂತು ನನ್ನ ಗಂಟನ್ನು ಫೋರ್ಕಿನಿಂದ ಕಿತ್ತು ಸಡಿಲಿಸಿಕೊಳ್ಳುತ್ತಿದ್ದಳು. ಅವಸರದಲ್ಲಿ ಪೂರ್ತಿ ಸಡಿಲವಾಗಿ ಕಾಲು ವಾಲುತ್ತಿತ್ತು, ಆಗಲೇ ಊದಿದ್ದ ಜಾಗಕ್ಕೆ ಗಟ್ಟಿ ನಾಲಿಗೆ ಮತ್ತಷ್ಟು ಉಜ್ಜುತ್ತಿತ್ತು. ಮುಗಿದ ಮೇಲೆ, ನಾನು ಬಿಚ್ಚುವ ಮುಂಚೆ, ಮತ್ತೆ ನನ್ನ ಗಂಟನ್ನೇ ಹಾಕಿಟ್ಟುಕೊಳ್ಳುತ್ತಿದ್ದಳು. ನೋಡಿಯೇ ಕಲಿತಿದ್ದಾಳೆ. ಎರಡು ಸುತ್ತು, ಒಂದು ಅಡಿಯಿಂದ. ತುದಿ ಮಾತ್ರ ಬಲಕ್ಕೆ. ನನ್ನ ಹಾಗೆಯೇ ಅವಳೂ ತನ್ನ ಎಡಕ್ಕೆ ಬಿಟ್ಟಿದ್ದಾಳೆ, ಎದುರಿಗೆ ಕೂತ ನನಗೆ ಅದು ಬಲ.

ಇನ್ನೊಂದು ವಿಷಯ. ಮೊದಲ ದಿನ ಕುದುರೆಯ ಬಗ್ಗೆ ಬರೆದಿದ್ದೆನಲ್ಲ, ಅದರಲ್ಲಿ ಕೊನೆಯ ಭಾಗ ಬಿಟ್ಟಿದ್ದೆ. ಮಾಲೀಕ ಕೈ ಮುಗಿಯಲಿಲ್ಲ. ಪಟ್ಟಿ ಬಿಚ್ಚಿದಾಗ ಮುಂಗಾಲಿನ ಕೂದಲು ಉದುರಿತ್ತು, ಹುರಿ ಊದಿತ್ತು, ಕುದುರೆ ಕುಂಟಿತು. ಆ ಸಲದ ರೇಸ್ ಓಡಲಿಲ್ಲ. ನನಗಾಗ ಇಪ್ಪತ್ತಮೂರು. ಯಾರ್ಡಿನ ಮೇಸ್ತ್ರಿ ಎಲ್ಲರೆದುರು ಕೆನ್ನೆಗೆ ಬಾರಿಸಿ ಹೇಳಿದ್ದ: "ಸಾಮಾನಿಗೆ ಬಿಗಿ ಕಟ್ಟು. ಜೀವ ಇರೋದಕ್ಕೆ ಒಂದು ಬೆರಳು ಸಡಿಲ ಬಿಡು."

ಪೆಟ್ಟು ನೆನಪಿತ್ತು. ಮಾತು ಮರೆತಿತ್ತು.

ಮಾರ್ಚ್ ೨೦, ಗುರುವಾರ

ಬೂಟನ್ನು ಚೀಲಕ್ಕೆ ಹಾಕಿ ಒಬ್ಬನೇ ಸಾಣೆಯವನ ಹತ್ತಿರ ಹೋದೆ. ಈ ಕಡೆ ಬಂದಿದ್ದೆ, ಹಾಗೇ ನೋಡಿಕೊಂಡು ಹೋಗೋಣವೆಂದು ಬಂದೆ ಎಂದೆ. ಮೈದಾನದ ಈ ಕಡೆ ಬರೀ ಕಾರು ನಿಲ್ಲಿಸುವ ಜಾಗವಿದೆ, ಬರಲು ಬೇರೇನೂ ಇಲ್ಲ. ಅವನು ಚೀಲದೊಳಗೆ ಇಣುಕಿ ನೋಡಿದ.

"ಬ್ರೆಡ್ ಬೇಯಿಸೋಣ ಅಂತೀರಾ?"

"ಬೇಯಿಸಿ" ಅಂದೆ.

"ಬರೀ ಬೂಟು ತಂದರೆ ಏನು ಬಂತು? ಕಾಲು ಬೇಡ್ವಾ? ಹುಡುಗಿನ ಕರ್ಕೊಂಡು ಬನ್ನಿ. ನಾಳೆ ಸಂಜೆ." ಆಮೇಲೆ ಒಂದು ಸ್ಟೂಲು ಎಳೆದು ಕೊಟ್ಟ. "ಬಂದಿದ್ದೀರಲ್ಲ, ಕೂತ್ಕೊಳ್ಳಿ. ಲೇಸು ಬದಲಾಯಿಸೋಣ. ಈ ಮೇಣದ್ದು ಇವಳ ವಯಸ್ಸಿಗೆ ಬೇಡ. ಹತ್ತಿದು ಹಾಕಿ."

ಹತ್ತಿಯ ಲೇಸ್ ಕೊಟ್ಟು, ಪೋಣಿಸುವುದನ್ನು ಹೇಳಿದ. ಕೆಳಗೆ, ಬೆರಳ ಹತ್ತಿರ, ಚೆನ್ನಾಗಿ ಹಿಡಿಯಬೇಕು. ಮಧ್ಯದಲ್ಲಿ ಹಿಮ್ಮಡಿ ಕೂರುವಷ್ಟು. ಮೇಲೆ ಬರುತ್ತ ಬರುತ್ತ ಬಿಡಬೇಕು. ನೋವಿರುವ ಜಾಗಕ್ಕೆ ಎದುರಾಗಿ ಬರುವ ತೂತನ್ನು ಹಾರಿಸಿ ಮುಂದಿನದಕ್ಕೆ ಹೋಗಬೇಕು. ಅಲ್ಲಿ ಲೇಸ್ ಅಡ್ಡ ಬರಲೇಬಾರದು.

"ಎಳೀರಿ, ನೋಡೋಣ" ಅಂದ. ಎಳೆದೆ.

"ಸಾಕು."

ಇನ್ನೂ ಎಳೆದೆ.

"ಯಜಮಾನ್ರೇ, ಸಾಕು ಅಂದೆ. ಗೊತ್ತಾಗಲ್ವಾ ನಿಮಗೆ?"

ಅದನ್ನು ಅವನು ಜಗಳಕ್ಕೆ ಕೇಳಲಿಲ್ಲ. ನನ್ನ ಬೆರಳನ್ನೇ ನೋಡುತ್ತಿದ್ದ. ಅವನ ಬೆರಳುಗಳೂ ಹಾಗೇ ಇವೆ, ಸಾಣೆಕಲ್ಲು ಸವೆಸಿದ್ದು. ಯಾಕೋ ಬಾಯಿಬಿಟ್ಟೆ.

"ಇಲ್ಲ. ಗೊತ್ತಾಗಲ್ಲ."

ಆಮೇಲೆ ಉಳಿದದ್ದೂ ಬಂತು. ಹೋದ ವರ್ಷ ನಾನು ಕಟ್ಟಿದ ಬಾಗಿಲುಗಳ ಲೋಡ್ ತಿರುವಿನಲ್ಲಿ ಜಾರಿ ರಸ್ತೆಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಯಾರ್ಡಿನ ಸೂಪರ್‌ವೈಸರ್ ಎರಡು ಹಗ್ಗ ಕಟ್ಟಿಸಿ, ಕಣ್ಣು ಮುಚ್ಚಿ ಮುಟ್ಟಿ ಯಾವುದು ಬಿಗಿ ಯಾವುದು ಸಡಿಲ ಹೇಳು ಅಂದ. ನನಗೆ ಎರಡೂ ಒಂದೇ. ಬೆರಳ ತುದಿಯಲ್ಲಿ ಜೀವ ಹೋಗಿ ಎಷ್ಟು ವರ್ಷವಾಗಿತ್ತೋ, ಕಣ್ಣಂದಾಜಿನಲ್ಲಿ ನಡೆಸುತ್ತಿದ್ದೆ. ಮರುದಿನದಿಂದ ಬರಬೇಡ ಅಂದರು. ಅಂದಿನಿಂದ ಏನು ಕಟ್ಟಿದರೂ ಜಾರುತ್ತದೆಂಬ ಭಯ. ಹೆಗಲು ಸೋಲುವವರೆಗೆ ಎಳೆಯುತ್ತೇನೆ.

ಸಾಣೆಯವನು ಕನ್ನಡಕ ಒರೆಸಿದ. "ನಾನೂ ಅಲಗನ್ನ ಬೆರಳಲ್ಲಿ ನೋಡಲ್ಲ ಈಗ. ಉಗುರಿನ ಮೇಲೆ ಎಳೆದು ನೋಡ್ತೀನಿ, ಸಿಪ್ಪೆ ಬಂದರೆ ಹರಿತ. ನಿಮಗೆ ಅದೂ ಬೇಡ. ಕಾಲಿಗೆ ಬಾಯಿ ಇದೆಯಲ್ಲ, ಅದನ್ನೇ ಕೇಳಿ."

ಚೆನ್ನಾಗಿ ಮಾತಾಡುತ್ತಾನೆ. ಕನ್ನಡಕದ ಮೇಲೆ ಇರುವುದು ಗರ್ವವಲ್ಲ, ಸಾಣೆಯ ಧೂಳು.

ಮಾರ್ಚ್ ೨೨, ಶನಿವಾರ

ನಿನ್ನೆ ಸಂಜೆ ಬೂಟು ಬಿಸಿ ಮಾಡಿಸಿ ಮಿಡತೆಯ ಕಾಲಿಗೆ ಹಾಕಿ ಕೂರಿಸಿದೆವು. ಕಾಲು ಗಂಟೆ ಅಲುಗಾಡಬಾರದು. ಮಿಡತೆಯ ಮುಖ ನೋಡಬೇಕಿತ್ತು. ಬಿಸಿನೀರಿಗೆ ಕಾಲಿಟ್ಟ ಅಜ್ಜಿಯ ಹಾಗೆ ಕಣ್ಣು ಮುಚ್ಚಿದಳು. ನಾಲಿಗೆ ಈಗ ಬಾಗುತ್ತದೆ. ನೋವಿನ ಜಾಗಕ್ಕೆ ಸಾಣೆಯವನು ದಪ್ಪ ಸ್ಪಂಜನ್ನು ದುಂಡಗೆ ಕತ್ತರಿಸಿ, ನಡುವೆ ತೂತು ಬಿಟ್ಟು ಕೊಟ್ಟಿದ್ದಾನೆ. ಒತ್ತು ಸುತ್ತಲೂ ಬೀಳುತ್ತದೆ, ನೋವಿನ ಮೇಲೆ ಬೀಳುವುದಿಲ್ಲ. ತಂಗಿಗೆ ತೋರಿಸಿದರೆ, "ಬೂಟಿನ ನಾಲಿಗೆ ಮೆತ್ತಗಾಯ್ತು, ಸರಿ. ನಿನ್ನದನ್ನೂ ಆ ಓವನ್ನಲ್ಲಿ ಇಡಿಸ್ಬಹುದಿತ್ತು" ಅಂದಳು.

ಮಧ್ಯಾಹ್ನ ಮಿಡತೆ ಕಾಲಿಗೆ ಮಂಜುಗಡ್ಡೆ ಇಟ್ಟುಕೊಂಡು ಕೂತಿದ್ದಾಗ ಫೋರ್ಕನ್ನು ಅವಳ ಮುಂದಿಟ್ಟೆ. ಕೆಂಪಾದಳು.

"ನಿನ್ನ ಗಂಟು ಕೈಯಲ್ಲಿ ಬಿಚ್ಚೋಕಾಗಲ್ಲ ಮಾಮ."

"ನೋಯ್ತಿದೆ ಅಂತ ಹೇಳಬಾರದಿತ್ತೇನೇ, ಕತ್ತೆ? ಮೇಡಂ ಹತ್ರ ನನ್ನ ಹೆಸರು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಮತ್ತೆ ಕಿಟಕಿ ಹತ್ರ ಹೋಗಿ ಕೂತ್ಕೊಳ್ತಿದ್ದೆ."

"ಯಾವ ಕಿಟಕಿ?"

"ಅದೇ. ಎಂಟು ತಿಂಗಳು ಕೂತಿದ್ಯಲ್ಲ. ಊಟಕ್ಕೆ ಕರೆದರೂ ಹೂಂ ಅಂತ ಮಾತ್ರ ಅಂತಿದ್ದೆ. ಬೂಟು ಬಂದ ದಿನ ಅಮ್ಮ ಅಡುಗೆಮನೇಲಿ ಹೇಳಿದ್ಲು, ನಿಮ್ಮ ಮಾಮ ಮತ್ತೆ ಸುಳ್ಳು ಹೇಳೋಕೆ ಶುರು ಮಾಡಿದಾನೆ, ಸದ್ಯ ಬದುಕಿದೆ ಅಂತ."

ಕಣ್ಣಿಗೆ ಏನೋ ಬಿತ್ತು. ಮಂಜುಗಡ್ಡೆ ಕರಗಿ ನೆಲವೆಲ್ಲ ನೀರಾಗಿತ್ತು. ಬಟ್ಟೆ ತಂದು ಒರೆಸಿದೆ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದೆ.

ಮಾರ್ಚ್ ೨೫, ಮಂಗಳವಾರ

ಭಾನುವಾರದಿಂದ ಮತ್ತೆ ಐಸ್. ಮೊದಲ ದಿನ ಕಾಲು ಗಂಟೆ, ನಿನ್ನೆ ಅರ್ಧ, ಇವತ್ತು ಮುಕ್ಕಾಲು. ಒಂದೇ ಜೊತೆ ತೆಳು ಚೀಲ, ಒಣಗಿದ್ದು. ಮುಗಿದ ಕೂಡಲೇ ಬೂಟಿನ ಬಾಯಿ ಅಗಲಿಸಿ ಗಾಳಿಗಿಡುತ್ತೇನೆ. ಗುಳ್ಳೆಗಳು ಒಣಗಿವೆ. ಊತ ಹೆಚ್ಚುಕಡಿಮೆ ಇಳಿದಿದೆ.

ಈಗ ಕಟ್ಟುವುದು ಹೀಗೆ: ನಾನು ಎಳೆಯುತ್ತೇನೆ, ಅವಳು ನೋಡುತ್ತಾಳೆ. ಅವಳು "ಸಾಕು" ಅಂದಲ್ಲಿಗೆ ನಿಲ್ಲಿಸುತ್ತೇನೆ. ಭಾನುವಾರ ಆ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ. ಅಭ್ಯಾಸವಿಲ್ಲ. "ಹೇಳೇ, ನನಗೆ ಗೊತ್ತಾಗಲ್ಲ ಅಂದೆನಲ್ಲ" ಎಂದು ಗದರಬೇಕಾಯಿತು. ಇವತ್ತು ಬಾಯಿ ಬಿಟ್ಟಿದೆ. "ಸಾಕು. ಸಾಕು ಅಂದೆ! ಮಾಮ, ಕಿವಿ ಕೇಳಿಸಲ್ವಾ? ಒಂದು ಚೂರು ಬಿಡು. ಇನ್ನೂ. ಆಂ, ಹಾಂ." ಬೆಂಚಿನಲ್ಲಿದ್ದ ಎಲ್ಲರೂ ನಗುತ್ತಿದ್ದರು.

ಕೊನೆಗೆ ನಾಲಿಗೆಗೂ ಲೇಸಿಗೂ ನಡುವೆ ಅವಳ ಕಿರುಬೆರಳು ಹಾಕಿಸಿ ನೋಡುತ್ತೇನೆ. ನನ್ನ ಬೆರಳಲ್ಲ. ಗಂಟೂ ನನ್ನದಲ್ಲ, ಎಲ್ಲರೂ ಹಾಕುವ ಸಾದಾ ಗಂಟು. ಒಂದು ತುದಿ ಎಳೆದರೆ ಬಿಚ್ಚಬೇಕು.

ಪಕ್ಕದ ಒಬ್ಬ ಅಪ್ಪ ತನ್ನ ಮಗನ ಬೂಟನ್ನು ತೊಡೆಯ ಮೇಲಿಟ್ಟುಕೊಂಡು ಹೆಗಲು ಕೊಟ್ಟು ಎಳೆಯುತ್ತಿದ್ದ. ಎಲ್ಲಿ ಕಲಿತರೋ ಇಂಥದ್ದನ್ನೆಲ್ಲ. ಹೋಗಿ ಹೇಳಿದೆ.

ಮಾರ್ಚ್ ೨೯, ಶನಿವಾರ

ತಂಗಿ ಇವತ್ತು ಪಾಳಿ ಬದಲಾಯಿಸಿಕೊಂಡು ಬಂದಿದ್ದಳು. ನಲವತ್ತು ಮಕ್ಕಳು ಐಸಿನ ಅಂಚಿನ ಹಲಗೆಗೋಡೆಯ ಹತ್ತಿರ ಸಾಲಾಗಿ ನಿಂತರು. ಸೀಟಿ ಮೇಡಂ ಒಬ್ಬೊಬ್ಬರ ಕಾಲಿನ ಹತ್ತಿರ ಬಗ್ಗಿ ಲೇಸ್ ನೋಡುತ್ತ ಬಂದರು. ಮಿಡತೆಯ ಹತ್ತಿರ ಬಂದಾಗ ನಾನು ಬೆಂಚಿನಿಂದ ಎದ್ದು ನಿಂತೆ. ತೂತು ಹಾರಿಸಿದ್ದನ್ನು ಮುಟ್ಟಿದರು, ಸ್ಪಂಜನ್ನು ಮುಟ್ಟಿದರು.

"ಈಗ ಸರಿಯಾಗಿದೆ ನೋಡು. ಯಾರು ಕಟ್ಟಿದ್ದು?"

"ನಮ್ಮ ಮಾಮ" ಅಂದಳು ಮಿಡತೆ. ಇಡೀ ಮೈದಾನಕ್ಕೆ ಕೇಳುವಂತೆ ಅಂದಳು.

ಎಲ್ಲರೂ ತಿರುಗಿ ನೋಡಿದರು. ಇಂಥ ಗಳಿಗೆಗೆ ನನ್ನ ಹತ್ತಿರ ಹತ್ತು ಕತೆ ತಯಾರಿರುತ್ತವೆ. ಒಂದೂ ಬರಲಿಲ್ಲ. "ಅವಳು ಸಾಕು ಅಂದಳು, ನಾನು ನಿಲ್ಲಿಸಿದೆ" ಅಂದೆ. ಗೂಡಿನ ಬಾಗಿಲಲ್ಲಿ ನಿಂತಿದ್ದ ಸಾಣೆಯವನು ಕೆಮ್ಮಿದ.

ಚೆನ್ನಾಗಿ ಆಡಿದಳು. ತಿರುವಿನಲ್ಲಿ ಕಾಲು ವಾಲಲಿಲ್ಲ, ಒಮ್ಮೆಯೂ ನಿಲ್ಲಲಿಲ್ಲ. ಆದರೆ ಕೊನೆಯ ಅರ್ಧ ಗಂಟೆಯಲ್ಲಿ ಉಸಿರು ಸಾಲದಾಯಿತು. ಬೇರೆ ಮಕ್ಕಳು ಓಡಿದ ಆ ಐದು ದಿನ ಅವಳ ಕಾಲಿನಲ್ಲಿ ಇರಲಿಲ್ಲ.

ಸೀಟಿ ಮೇಡಂ ಹದಿನಾರು ಹೆಸರು ಓದಿದರು. ಅದರಲ್ಲಿ ಅವಳದಿಲ್ಲ. ಕಾಗದ ಮಡಚಿ, ಮತ್ತೆ ಬಿಡಿಸಿ, ಹದಿನೇಳನೆಯದು ಎಂದು ಅವಳ ಹೆಸರು ಹೇಳಿದರು. ತಂಡದ ಜೊತೆ ಅಭ್ಯಾಸ ಮಾಡಬೇಕು, ಯಾರಿಗಾದರೂ ಆಗದಿದ್ದ ದಿನ ಆಡಬೇಕು.

ಬೆಂಚಿನ ಹತ್ತಿರ ಬಂದು ಕಾಲು ಚಾಚಿದಳು. ಲೇಸಿನ ತುದಿ ಎಳೆದೆ, ಬಿಚ್ಚಿಕೊಂಡಿತು.

"ಮಾಮ, ಹದಿನೇಳು ಅಂದ್ರೆ ಒಳಗಾ, ಹೊರಗಾ?"

"ಬಾಗಿಲಲ್ಲಿ."

"ಬಾಗಿಲು ಹಾಕಿದೆಯಾ, ತೆಗೆದಿದೆಯಾ?"

"ಒಂದು ಬೆರಳು ಸಡಿಲ ಇದೆ. ನಿನ್ನ ಮೈಗೆ ಅಷ್ಟು ಸಾಲ್ದೇನೇ, ಮಿಡತೆ? ತೂರ್ಕೊಂಡು ಹೋಗು."

ಮೊದಲು ನಕ್ಕಳು. ಆಮೇಲೆ ನನ್ನ ಹೆಗಲ ಮೇಲೆ ಮುಖವಿಟ್ಟು ಸ್ವಲ್ಪ ಹೊತ್ತು ಅತ್ತಳು. ಅಲುಗಾಡದೆ ಕೂತಿದ್ದೆ.

ಮನೆಗೆ ಬರುವಾಗ ತಂಗಿಗೆ ಹೇಳಿದೆ, ಆ ಐದು ದಿನ ತಿಂದವನು ನಾನು ಎಂದು. "ಗೊತ್ತಿತ್ತು" ಅಂದಳು. "ಮತ್ತೆ ಸುಮ್ಮನಿದ್ದೆ ಯಾಕೆ?" ಅಂದೆ. ಮನೆಗೆ ಬಂದವಳೇ ಕಿಟಕಿಯ ಕೆಳಗಿದ್ದ ನನ್ನ ಕುರ್ಚಿಯ ಮೇಲೆ ಮಿಡತೆಯ ಬೂಟನ್ನು ಬಾಯಿ ಅಗಲಿಸಿ ಒಣಗಲು ಇಟ್ಟಳು. ಇನ್ನು ನಾನು ಅಲ್ಲಿ ಕೂರುವ ಹಾಗಿಲ್ಲ.

ಊಟಕ್ಕೆ ತಟ್ಟೆ ಇಡುವಾಗ ಫೋರ್ಕನ್ನು ತೊಳೆದು ಡಬ್ಬಕ್ಕೆ ಹಾಕಿದೆ. ತಂಗಿ ಎಣಿಸಿದಳು, ಆರು. ಒಂದನ್ನು ಬೆಳಕಿಗೆ ಹಿಡಿದು ನೋಡಿ, "ಇದರ ಹಲ್ಲು ಸೊಟ್ಟ ಆಗಿದೆಯಲ್ಲ" ಅಂದಳು.

"ಅದನ್ನ ನನ್ನ ತಟ್ಟೆಗೆ ಇಡು" ಅಂದೆ.